ಭೌತಶಾಸ್ತ್ರದಿಂದ ಭೂವಿಜ್ಞಾನದ ಸ್ನಾತಕೋತ್ತರ ಪದವಿಗೆ: ಕ್ಷೇತ್ರಕಾರ್ಯ ನಿಜಕ್ಕೂ ಅಷ್ಟು ಮುಖ್ಯವೇ?

ಹೊಸಬ:
ಎಲ್ಲರಿಗೂ ನಮಸ್ಕಾರ. ನಾನು ಭೌತಶಾಸ್ತ್ರದಲ್ಲಿ ಪದವಿ ಮುಗಿಸಿದ್ದೇನೆ. ಗಣಿತ ಮತ್ತು ಪ್ರೋಗ್ರಾಮಿಂಗ್ ಎರಡೂ ಒಂದು ಮಟ್ಟಿಗೆ ಕೈಗೆ ಹತ್ತಿವೆ. ಆದರೆ ಕಲ್ಲಿನ ವಿಷಯಕ್ಕೆ ಬಂದರೆ, ಗ್ರಾನೈಟ್ ಯಾವುದು, ಅದನ್ನು ಹೋಲುವ ಬೇರೊಂದು ಶಿಲೆ ಯಾವುದು ಎಂದು ಹೇಳಲಾರದಷ್ಟು ಅಜ್ಞಾನಿ. ಈಗ ಭೂವಿಜ್ಞಾನದಲ್ಲಿ ಸ್ನಾತಕೋತ್ತರ ಪದವಿ ಮಾಡಬೇಕೆಂದಿದ್ದೇನೆ ಮತ್ತು ಎರಡು ಕಡೆ ಪ್ರವೇಶ ಸಿಕ್ಕಿದೆ.

ಮೊದಲನೆಯದು ಎರಡು ವರ್ಷದ ಕೋರ್ಸು. ಖನಿಜಶಾಸ್ತ್ರ, ಶಿಲಾಶಾಸ್ತ್ರ, ರಚನಾ ಭೂವಿಜ್ಞಾನ, ಆರು ವಾರಗಳ ಕಾಲ ಬಯಲಿನಲ್ಲಿ ನಕ್ಷೆ ತಯಾರಿಸುವ ಕೆಲಸ, ಕೊನೆಗೊಂದು ಪ್ರಬಂಧ. ಎರಡನೆಯದು ಒಂದೇ ವರ್ಷದ್ದು. ಭೂಭೌತಶಾಸ್ತ್ರ, ದೂರಸಂವೇದನೆ, ದತ್ತಾಂಶ ವಿಶ್ಲೇಷಣೆ ಇವೆ. ಕ್ಷೇತ್ರಕಾರ್ಯ ಒಂದು ವಾರ ಮಾತ್ರ, ಅದೂ ಇಷ್ಟವಿದ್ದವರಿಗೆ. ಉಪಗ್ರಹ ಚಿತ್ರಗಳೂ ಡ್ರೋನುಗಳೂ ಇರುವ ಈ ಕಾಲದಲ್ಲಿ ಆರು ವಾರ ಬಿಸಿಲಿನಲ್ಲಿ ಸುತ್ತಿಗೆ ಹಿಡಿದು ಅಲೆಯುವುದರಿಂದ ನನ್ನಂಥವನಿಗೆ ಸಿಗುವುದೇನು ಎಂಬುದು ನನ್ನ ಪ್ರಶ್ನೆ. ನನ್ನ ಮನಸ್ಸು ಎರಡನೆಯದರ ಕಡೆಗೇ ವಾಲುತ್ತಿದೆ. ತಪ್ಪಾಗಿದ್ದರೆ ದಯವಿಟ್ಟು ತಿದ್ದಿ.

ಸುತ್ತಿಗೆ:
ಮೊದಲನೆಯದಕ್ಕೆ ಸೇರಿಕೊಳ್ಳಿ. ಕಲ್ಲು ನೋಡದ ಭೂವಿಜ್ಞಾನಿ ಎಂದರೆ ರೋಗಿಯನ್ನು ಮುಟ್ಟದ ವೈದ್ಯನಿದ್ದ ಹಾಗೆ.

ಕಂಪನರೇಖೆ:
ಈ ಹೋಲಿಕೆಯನ್ನು ಹದಿನೈದು ವರ್ಷಗಳಿಂದ ಕೇಳುತ್ತಾ ಬಂದಿದ್ದೇನೆ. ಎಕ್ಸ್-ರೇ ಓದುವ ವೈದ್ಯರು ರೋಗಿಯನ್ನು ಮುಟ್ಟುವುದೇ ಇಲ್ಲ, ಆದರೂ ಅವರನ್ನು ವೈದ್ಯರೆಂದೇ ಕರೆಯುತ್ತೇವೆ. 1936ರಲ್ಲಿ ಇಂಗೆ ಲೇಮನ್ ಅವರು ಭೂಮಿಗೆ ಒಂದು ಒಳತಿರುಳು ಇದೆ ಎಂದು ತೋರಿಸಿದ್ದು ಭೂಕಂಪದ ಅಲೆಗಳ ದಾಖಲೆಗಳನ್ನು ಮೇಜಿನ ಮೇಲೆ ಹರಡಿಕೊಂಡು. ಅಲ್ಲಿಗೆ ಯಾರ ಸುತ್ತಿಗೆಯೂ ಹೋಗಿರಲಿಲ್ಲ, ಹೋಗುವುದೂ ಸಾಧ್ಯವಿಲ್ಲ. ಭೌತಶಾಸ್ತ್ರದ ತಳಹದಿ ಇರುವವರು ಎರಡನೇ ಕೋರ್ಸಿಗೆ ಹೋಗಿ ತಮ್ಮ ಬಲವನ್ನೇ ಬಳಸಿಕೊಳ್ಳುವುದು ಜಾಣತನ ಎಂಬುದು ನನ್ನ ಅಭಿಪ್ರಾಯ.

ತೆಳುಛೇದ:
ಇಬ್ಬರೂ ಸ್ವಲ್ಪ ತಾಳ್ಮೆ ತಂದುಕೊಳ್ಳಿ. ಕೇಳಿದವರ ಸಮಸ್ಯೆ ಬಯಲೋ ಕಂಪ್ಯೂಟರೋ ಎಂಬುದಲ್ಲ. ಅವರು ಪದವಿ ಮಟ್ಟದಲ್ಲಿ ಭೂವಿಜ್ಞಾನವನ್ನು ಓದಿಲ್ಲ ಎಂಬುದೇ ಮೂಲ ಸಮಸ್ಯೆ. ಪದವಿಯಲ್ಲಿ ಮೂರು ವರ್ಷ ಕಲ್ಲು ನೋಡಿ ಬಂದವರಿಗೆ ಒಂದು ವರ್ಷದ ಕೋರ್ಸು ಸಾಕಾಗಬಹುದು. ಏನೂ ನೋಡದೆ ಬಂದವರಿಗೆ ಆ ಒಂದು ವರ್ಷ ಪರಿಭಾಷೆಯನ್ನು ಕಲಿಯುವುದರಲ್ಲಿಯೇ ಮುಗಿದುಹೋಗುತ್ತದೆ.

ನನ್ನ ಕಥೆಯನ್ನೇ ಹೇಳುತ್ತೇನೆ. ನಾನು ರಸಾಯನಶಾಸ್ತ್ರದಿಂದ ಬಂದವಳು. ಮೊದಲ ಸೆಮಿಸ್ಟರಿನಲ್ಲಿ ನಮಗೆ ಕಲ್ಲಿನ ತೆಳು ಛೇದವನ್ನು ಕೈಯಿಂದಲೇ ತಯಾರಿಸಲು ಹೇಳಿದ್ದರು. ಕಲ್ಲಿನ ಒಂದು ಚಿಪ್ಪನ್ನು ಗಾಜಿಗೆ ಅಂಟಿಸಿ, ಕಾರ್ಬೊರಂಡಮ್ ಪುಡಿ ಮತ್ತು ನೀರು ಹಾಕಿದ ಇನ್ನೊಂದು ಗಾಜಿನ ಮೇಲೆ ಅದನ್ನು ಸುತ್ತುಸುತ್ತಾಗಿ ತಿಕ್ಕುತ್ತಾ ಹೋಗಬೇಕು. ಅದರ ದಪ್ಪ 0.03 ಮಿಲಿಮೀಟರಿಗೆ ಬಂದು ನಿಲ್ಲಬೇಕು. ಅಳೆಯುವುದಕ್ಕೆ ಬೆಣಚುಕಲ್ಲಿನ ಕಣಗಳೇ ಅಳತೆಗೋಲು. ಅಡ್ಡ ಧ್ರುವಕಗಳ (ಬೆಳಕನ್ನು ಸೋಸುವ, ಒಂದಕ್ಕೊಂದು ಅಡ್ಡವಾಗಿಟ್ಟ ಎರಡು ಫಲಕಗಳ) ನಡುವೆ ನೋಡಿದಾಗ ಅವು ಇನ್ನೂ ಹಳದಿ, ಕಿತ್ತಳೆಯಾಗಿ ಕಂಡರೆ ಛೇದ ದಪ್ಪವಾಗಿದೆ ಎಂದರ್ಥ. ಬೂದು ಬಣ್ಣಕ್ಕೆ ತಿರುಗಿದರೆ ಸರಿಯಾದ ದಪ್ಪ. ನಾನು ಬೂದು ಬಂದ ಮೇಲೂ ಅಂಚಿನಲ್ಲಿ ಉಳಿದಿದ್ದ ಒಂದಿಷ್ಟು ಹಳದಿಯನ್ನು ತೆಗೆಯೋಣವೆಂದು ಇನ್ನೂ ನಾಲ್ಕು ಸುತ್ತು ತಿಕ್ಕಿದೆ. ಸೂಕ್ಷ್ಮದರ್ಶಕದ ಕೆಳಗಿಟ್ಟು ನೋಡಿದರೆ ಬರೀ ಗಾಜು ಮತ್ತು ಅಂಟು ಉಳಿದಿತ್ತು. ಅರ್ಧ ದಿನದ ಕೆಲಸ ನೀರಿನಲ್ಲಿ ಕೊಚ್ಚಿಹೋಗಿತ್ತು, ಬೆರಳ ತುದಿಯ ಚರ್ಮವೂ ಸವೆದಿತ್ತು. ಆದರೆ ಖನಿಜವೊಂದರ ಬಣ್ಣ ಅದರ ದಪ್ಪದ ಮೇಲೆ ಹೇಗೆ ನಿಂತಿದೆ ಎಂಬುದನ್ನು ಆ ದಿನದ ನಂತರ ಯಾವ ಪುಸ್ತಕವೂ ನನಗೆ ಹೇಳಿಕೊಡಬೇಕಾಗಿ ಬರಲಿಲ್ಲ.

ಎರಡನೇ ಸೆಮಿಸ್ಟರ್:
ನಮ್ಮಲ್ಲಿ ತೆಳು ಛೇದಗಳನ್ನು ಯಂತ್ರವೇ ತಯಾರಿಸಿ ಕೊಡುತ್ತದೆ. ನಾವು ನೋಡಿ ಬರೆಯುವುದಷ್ಟೇ. ನಿಮ್ಮ ಬೆರಳುಗಳಿಗೆ ನನ್ನ ಸಂತಾಪಗಳು.

ಸಂಶಯಾತ್ಮ:
ಭೌತಶಾಸ್ತ್ರದವರು ಭೂಮಿಯ ವಿಷಯಕ್ಕೆ ಕೈ ಹಾಕಿದಾಗಲೆಲ್ಲ ನನಗೆ ಲಾರ್ಡ್ ಕೆಲ್ವಿನ್ ನೆನಪಾಗುತ್ತಾರೆ. ಭೂಮಿಯು ಕರಗಿದ ಸ್ಥಿತಿಯಿಂದ ತಣ್ಣಗಾಗುತ್ತಾ ಬಂದಿದೆ ಎಂದು ಹಿಡಿದು 1862ರಲ್ಲಿ ಅದರ ವಯಸ್ಸು 2 ಕೋಟಿಯಿಂದ 40 ಕೋಟಿ ವರ್ಷಗಳ ನಡುವೆ ಇರಬೇಕೆಂದು ಲೆಕ್ಕ ಹಾಕಿದರು. 1897ರ ಹೊತ್ತಿಗೆ ಅದನ್ನು 2ರಿಂದ 4 ಕೋಟಿಗೆ ಇಳಿಸಿದರು. ಸ್ತರಗಳ ದಪ್ಪವನ್ನು ಕಣ್ಣಾರೆ ಕಂಡಿದ್ದ ಭೂವಿಜ್ಞಾನಿಗಳು ಇದು ಸಾಲದು ಎಂದು ಗೊಣಗುತ್ತಲೇ ಇದ್ದರು, ಆದರೆ ಸಮೀಕರಣದ ಎದುರು ಅವರ ಮಾತು ನಡೆಯಲಿಲ್ಲ. ಕೊನೆಗೆ ವಿಕಿರಣಶೀಲತೆ ಪತ್ತೆಯಾಗಿ ಕೆಲ್ವಿನ್ ಲೆಕ್ಕ ತಲೆಕೆಳಗಾಯಿತು.

ಕಂಪನರೇಖೆ:
ಈ ಕಥೆಯ ಕೊನೆಯ ವಾಕ್ಯವನ್ನು ಎಲ್ಲರೂ ತಪ್ಪಾಗಿಯೇ ಹೇಳುತ್ತಾರೆ. ವಿಕಿರಣಶೀಲತೆಯಿಂದ ಹುಟ್ಟುವ ಶಾಖವನ್ನು ಕೆಲ್ವಿನ್ ಅವರ ಲೆಕ್ಕಕ್ಕೆ ಸೇರಿಸಿದರೂ ಉತ್ತರ ಹೆಚ್ಚೇನೂ ಬದಲಾಗುವುದಿಲ್ಲ. ನಿಜವಾದ ದೋಷವಿದ್ದದ್ದು ಭೂಮಿಯ ಒಳಭಾಗ ಗಟ್ಟಿಯಾಗಿದ್ದು ಶಾಖವು ವಹನದಿಂದ ಮಾತ್ರ ಹೊರಬರುತ್ತದೆ ಎಂಬ ಊಹೆಯಲ್ಲಿ. ಒಳಗಿನ ಶಾಖ ಇನ್ನೂ ಸಲೀಸಾಗಿ ಮೇಲಕ್ಕೆ ಬರುವಂತಿದ್ದರೆ ವಯಸ್ಸು ಬಹಳ ಪಟ್ಟು ಹೆಚ್ಚಾಗುತ್ತದೆ ಎಂದು 1895ರಲ್ಲಿಯೇ ತೋರಿಸಿದವರು ಜಾನ್ ಪೆರಿ. ಅವರು ಹಿಂದೆ ಕೆಲ್ವಿನ್ ಅವರ ಸಹಾಯಕರಾಗಿದ್ದವರು, ಗಣಿತದ ಮಾರ್ಗದಲ್ಲಿಯೇ ನಡೆದವರು. ಆದ್ದರಿಂದ ಭೌತಶಾಸ್ತ್ರದ ತಪ್ಪನ್ನು ತಿದ್ದಿದ್ದೂ ಆ ಕಡೆಯವರೇ ಎಂಬುದನ್ನು ದಯವಿಟ್ಟು ಗಮನಿಸಿ.

ಸಂಶಯಾತ್ಮ:
ತಿದ್ದಿದ್ದಕ್ಕೆ ಧನ್ಯವಾದ, ಪೆರಿ ಅವರ ವಿಷಯ ನನಗೆ ಗೊತ್ತಿರಲಿಲ್ಲ. ಆದರೂ ನನ್ನ ಮಾತು ಅಲ್ಲಿಯೇ ನಿಲ್ಲುತ್ತದೆ. ಕೆಲ್ವಿನ್ ಅವರ ಗಣಿತ ತಪ್ಪಿರಲಿಲ್ಲ. ಒಳಗೇನಿದೆ ಎಂಬ ಊಹೆ ತಪ್ಪಿತ್ತು. ಸಮೀಕರಣಕ್ಕೆ ಏನನ್ನು ತುಂಬಬೇಕು ಎಂಬ ಪ್ರಶ್ನೆಗೆ ಸಮೀಕರಣವೇ ಉತ್ತರ ಕೊಡುವುದಿಲ್ಲ.

ಅಂತರ್ಜಲ:
ಆ ಕೊನೆಯ ವಾಕ್ಯವನ್ನು ನಮ್ಮ ಕಚೇರಿಯ ಗೋಡೆಗೆ ಅಂಟಿಸಬಹುದು. ನಾನು ಅಂತರ್ಜಲದ ಕೆಲಸ ಮಾಡುತ್ತೇನೆ. ನೆಲದೊಳಗೆ ವಿದ್ಯುತ್ ಹಾಯಿಸಿ ರೋಧವನ್ನು ಅಳೆದಾಗ ಕಡಿಮೆ ರೋಧದ ಪದರವೊಂದು ಕಂಡಿತೆನ್ನಿ. ಅದು ಉಪ್ಪುನೀರು ತುಂಬಿದ ಮರಳೂ ಆಗಿರಬಹುದು, ಸುಮ್ಮನೆ ಜೇಡಿಮಣ್ಣೂ ಆಗಿರಬಹುದು. ಉಪಕರಣಕ್ಕೆ ಎರಡೂ ಒಂದೇ. ಮೊದಲನೆಯದರಲ್ಲಿ ಕುಡಿಯಲಾಗದ ನೀರು ಧಾರಾಳವಾಗಿ ಬರುತ್ತದೆ, ಎರಡನೆಯದರಲ್ಲಿ ನೀರು ಬರುವುದೇ ಇಲ್ಲ. ಯಾವುದೆಂದು ತೀರ್ಮಾನಿಸಬೇಕಾದರೆ ಆ ಪ್ರದೇಶದ ಸ್ತರಗಳು ಹೇಗೆ ಕೂಡಿಬಂದವು ಎಂಬುದು ಗೊತ್ತಿರಬೇಕು, ಹತ್ತಿರದ ಹಳ್ಳದ ದಂಡೆಯಲ್ಲಿ ಅದೇ ಪದರ ಹೊರಬಿದ್ದಿದ್ದರೆ ಹೋಗಿ ಮುಟ್ಟಿ ನೋಡಬೇಕು. ನೆಲದೊಳಗಿನ ನೀರಿನ ಹರಿವಿಗೆ 1856ರಲ್ಲಿ ಡಾರ್ಸಿ ಕೊಟ್ಟ ಸೂತ್ರವನ್ನು ಒಂದು ಸಂಜೆಯಲ್ಲಿ ಕಲಿಯಬಹುದು. ಅದರೊಳಗಿನ ಪ್ರವೇಶ್ಯತೆ (ನೀರನ್ನು ಹಾಯಲು ಬಿಡುವ ಗುಣ) ಎಂಬ ಒಂದು ಅಕ್ಷರಕ್ಕೆ ಯಾವ ಬೆಲೆ ಹಾಕಬೇಕು ಎಂಬುದನ್ನು ಕಲಿಯುವುದಕ್ಕೆ ನನಗೆ ಹತ್ತು ವರ್ಷ ಹಿಡಿಯಿತು. ಒರಟು ಮರಳಿಗೂ ಜೇಡಿಗೂ ನಡುವೆ ಆ ಬೆಲೆ ಲಕ್ಷಾಂತರ ಪಟ್ಟು ವ್ಯತ್ಯಾಸವಾಗುತ್ತದೆ.

ಹೊಸಬ:
ಉತ್ತರಿಸಿದ ಎಲ್ಲರಿಗೂ ಧನ್ಯವಾದಗಳು. ಅಂತರ್ಜಲ ಅವರೇ, ನಿಮ್ಮ ಉದಾಹರಣೆ ನನ್ನನ್ನು ಸ್ವಲ್ಪ ಅಲುಗಾಡಿಸಿದೆ. ಆದರೂ ಒಂದು ಅನುಮಾನ ಉಳಿದಿದೆ. ಒಳ್ಳೆಯ ಭೂವೈಜ್ಞಾನಿಕ ನಕ್ಷೆಗಳನ್ನು ಈಗಾಗಲೇ ಬೇರೆಯವರು ತಯಾರಿಸಿ ಇಟ್ಟಿದ್ದಾರಲ್ಲವೇ? ಅವುಗಳನ್ನು ನನ್ನ ಕಂಪ್ಯೂಟರ್ ಮಾದರಿಗೆ ಬಳಸಿಕೊಂಡರೆ ಸಾಕಲ್ಲವೇ? ಎಲ್ಲರೂ ಎಲ್ಲವನ್ನೂ ಮೊದಲಿನಿಂದ ಮಾಡಬೇಕೆಂದರೆ ವಿಜ್ಞಾನ ಮುಂದುವರಿಯುವುದಾದರೂ ಹೇಗೆ?

ಸುತ್ತಿಗೆ:
ಈಗ ಬಂದಿರಿ ದಾರಿಗೆ. ನಕ್ಷೆಯ ಮೇಲಿನ ಗೆರೆಗಳನ್ನು ಎಂದಾದರೂ ಹತ್ತಿರದಿಂದ ನೋಡಿದ್ದೀರಾ? ಎರಡು ಶಿಲೆಗಳು ಸೇರುವ ಗಡಿಯನ್ನು ನಕ್ಷೆ ಮಾಡಿದವರು ಕಣ್ಣಾರೆ ಕಂಡಿದ್ದರೆ ಅಲ್ಲಿ ಅಖಂಡ ಗೆರೆ ಇರುತ್ತದೆ. ಎಡಕ್ಕೊಂದು ಬಂಡೆ, ಬಲಕ್ಕೊಂದು ಬಂಡೆ ಕಂಡು ನಡುವೆ ಎಲ್ಲೋ ಗಡಿ ಇರಬೇಕೆಂದು ಊಹಿಸಿದ್ದರೆ ತುಂಡುಗೆರೆ ಇರುತ್ತದೆ. ಮಣ್ಣೋ ನೀರೋ ಮುಚ್ಚಿಕೊಂಡು ಏನೂ ಕಾಣದಿದ್ದಲ್ಲಿ ಚುಕ್ಕಿಗೆರೆ ಹಾಕುತ್ತಾರೆ. ನನ್ನ ಸ್ನಾತಕೋತ್ತರ ಪ್ರಬಂಧದ ನಕ್ಷೆಯಲ್ಲಿ ಅಖಂಡ ಗೆರೆಗಳಿಗಿಂತ ತುಂಡುಗೆರೆಗಳೇ ಹೆಚ್ಚಾಗಿದ್ದವು. ನಾನು ಸೋಮಾರಿಯಾಗಿದ್ದೆ ಎಂದಲ್ಲ, ಭೂಮಿಯೇ ಅಷ್ಟು ಮುಚ್ಚಿಕೊಂಡಿತ್ತು.

ಮುಂದೆ ಯಾರೋ ಆ ನಕ್ಷೆಯನ್ನು ಕಂಪ್ಯೂಟರಿಗೆ ಏರಿಸಿದರು. ಏರಿಸುವಾಗ ಗೆರೆಯ ಬಗೆಯನ್ನು ನಮೂದಿಸುವ ಕಾಲಂ ಬಿಟ್ಟುಹೋಯಿತು. ಎಲ್ಲ ಗೆರೆಗಳೂ ಅಖಂಡವಾದವು. ಕೆಲವು ವರ್ಷಗಳ ನಂತರ ಒಬ್ಬ ವಿದ್ಯಾರ್ಥಿ ಆ ಕಡತವನ್ನೇ ಸತ್ಯವೆಂದು ತಿಳಿದು ಉಪಗ್ರಹ ಚಿತ್ರದಿಂದ ಶಿಲೆ ಗುರುತಿಸುವ ಮಾದರಿಗೆ ತರಬೇತಿ ಕೊಟ್ಟು, ಫಲಿತಾಂಶ ಬಹಳ ನಿಖರವಾಗಿದೆ ಎಂದು ನನಗೇ ಪ್ರತಿ ಕಳಿಸಿದ. ಅವನ ಮಾದರಿ ನಿಖರವಾಗಿ ಕಲಿತದ್ದು ನನ್ನ ಊಹೆಯನ್ನು. ಒಂದು ಕಡೆ ಆ ಗಡಿಯನ್ನು ನಾನು ಎಳೆದದ್ದು ಮಳೆ ಶುರುವಾಯಿತೆಂದು ಮರದ ಕೆಳಗೆ ನಿಂತು, ಎದುರಿನ ದಿಣ್ಣೆಯ ಆಕಾರ ನೋಡಿ.

ತೆಳುಛೇದ:
ಸುತ್ತಿಗೆ ಅವರು ಮೊದಲೇ ಇದನ್ನು ಬರೆದಿದ್ದರೆ ವೈದ್ಯರನ್ನೆಲ್ಲ ಎಳೆದು ತರುವ ಅಗತ್ಯವೇ ಇರಲಿಲ್ಲ.

ಕಂಪನರೇಖೆ:
ಈ ಮಾತಿಗೆ ನಾನು ಪೂರ್ತಿಯಾಗಿ ತಲೆಬಾಗುತ್ತೇನೆ. ಭೂಭೌತಶಾಸ್ತ್ರದಲ್ಲಿಯೂ ಇದೇ ಕಷ್ಟವಿದೆ. ನೆಲದ ಮೇಲೆ ಅಳೆದ ಗುರುತ್ವದ ಒಂದೇ ಏರಿಳಿತವನ್ನು ಆಳದಲ್ಲಿರುವ ದೊಡ್ಡ ರಾಶಿಯೂ ಕೊಡಬಹುದು, ಮೇಲಿರುವ ಅಗಲವಾದ ತೆಳು ರಾಶಿಯೂ ಕೊಡಬಹುದು. ಗಣಿತದ ಮಟ್ಟಿಗೆ ಎರಡೂ ಸರಿ. ಆದರೆ ಇದರಿಂದ ಆರು ವಾರ ಅಲೆಯಲೇಬೇಕು ಎಂದಾಗುವುದಿಲ್ಲ. ತುಂಡುಗೆರೆಯ ಅರ್ಥ ತಿಳಿಯುವುದಕ್ಕೆ ಎರಡು ವಾರ ಸಾಕು.

ಮೊಣಕಾಲು:
ಇಷ್ಟು ಹೊತ್ತು ಸುಮ್ಮನೆ ಓದುತ್ತಿದ್ದೆ. ನನಗೆ ನಡೆಯುವ ತೊಂದರೆ ಇದೆ. ಕ್ಷೇತ್ರಕಾರ್ಯವಿಲ್ಲದೆ ಭೂವಿಜ್ಞಾನಿಯಿಲ್ಲ ಎಂಬ ಮಾತನ್ನು ಇಲ್ಲಿ ಎಷ್ಟು ಸಲೀಸಾಗಿ ಆಡುತ್ತಿದ್ದೀರಿ ಎಂದರೆ, ನನ್ನಂಥವರು ಈ ವಿಷಯಕ್ಕೆ ಬರಲೇಬಾರದೇನೋ ಎನಿಸುತ್ತದೆ. ಸಾಗರತಳದ ನಕ್ಷೆ ತಯಾರಿಸಿದ ಮೇರಿ ಥಾರ್ಪ್ ಅವರನ್ನು ಹೆಣ್ಣೆಂಬ ಕಾರಣಕ್ಕೆ ವರ್ಷಗಟ್ಟಲೆ ಸಂಶೋಧನಾ ಹಡಗಿಗೆ ಹತ್ತಿಸಲಿಲ್ಲ. ಅವರು ದಡದಲ್ಲಿ ಕುಳಿತು, ಹಡಗುಗಳು ತಂದ ಆಳದ ಅಳತೆಗಳನ್ನು ಒಂದೊಂದಾಗಿ ಕಾಗದಕ್ಕಿಳಿಸಿ, 1950ರ ದಶಕದ ಆರಂಭದಲ್ಲಿ ಅಟ್ಲಾಂಟಿಕ್ ಸಾಗರದ ನಡುವಿನ ಪರ್ವತಶ್ರೇಣಿಯ ನೆತ್ತಿಯಲ್ಲಿ ಉದ್ದಕ್ಕೂ ಸೀಳು ಕಣಿವೆ ಇದೆ ಎಂದು ಕಂಡುಕೊಂಡರು. ಜೊತೆಗೆ ಕೆಲಸ ಮಾಡುತ್ತಿದ್ದವರೇ ಮೊದಲು ಅದನ್ನು ನಂಬಲಿಲ್ಲ. ಹಡಗಿನ ಮೇಲಿದ್ದವರಿಗೆ ಕಾಣದ್ದು ಮೇಜಿನ ಮುಂದಿದ್ದವರಿಗೆ ಕಂಡಿತು.

ಸುತ್ತಿಗೆ:
ನಿಮ್ಮ ಮಾತು ಸರಿ, ನನ್ನ ಮೊದಲ ಸಾಲನ್ನು ಹಿಂದಕ್ಕೆ ತೆಗೆದುಕೊಳ್ಳುತ್ತೇನೆ. ಆ ಅಳತೆಗಳನ್ನು ಯಾರೋ ಹಡಗಿನಲ್ಲಿ ಹೋಗಿಯೇ ತಂದಿದ್ದರು ಎಂದು ವಾದ ಹೂಡಬಹುದು, ಆದರೆ ಅದು ಗೆಲ್ಲುವುದಕ್ಕಾಗಿ ಮಾಡುವ ವಾದವಾದೀತು. ನಾನು ಹೇಳಬೇಕೆಂದಿದ್ದದ್ದು ಬೆಟ್ಟ ಹತ್ತುವ ಶಕ್ತಿಯ ಬಗ್ಗೆ ಅಲ್ಲ. ದತ್ತಾಂಶ ಹುಟ್ಟುವ ಜಾಗದಲ್ಲಿ ಒಮ್ಮೆ ಇದ್ದು ನೋಡುವುದರ ಬಗ್ಗೆ. ರಸ್ತೆಯ ಪಕ್ಕದಲ್ಲಿ ಕಡಿದ ದಿಬ್ಬವಾದರೂ ಸರಿ, ಕೊರೆದು ತೆಗೆದ ಶಿಲಾಕಂಬಗಳ ಪೆಟ್ಟಿಗೆಯಾದರೂ ಸರಿ.

ಮೊಣಕಾಲು:
ಹಾಗೆಂದರೆ ಒಪ್ಪುತ್ತೇನೆ. ನಾನು ನನ್ನ ಪ್ರಬಂಧವನ್ನು ಶಿಲಾಕಂಬಗಳ ಮೇಲೆಯೇ ಮಾಡಿದ್ದೇನೆ. ಗೋದಾಮಿನ ಮೇಜಿನ ಮೇಲೆ ಪೆಟ್ಟಿಗೆಗಳನ್ನು ಜೋಡಿಸಿಟ್ಟರೆ ನಾನೂರು ಮೀಟರ್ ಆಳದವರೆಗೆ ಕುಳಿತಲ್ಲಿಂದಲೇ ಇಳಿಯಬಹುದು.

ಗಣಿಯೊಳಗಿನಿಂದ:
ಶಿಲಾಕಂಬದ ಮಾತು ಬಂದದ್ದು ಸಂತೋಷ, ಏಕೆಂದರೆ ಕೆಲಸಕ್ಕೆ ಸೇರಿದ ಮೊದಲ ದಿನವೇ ಎದುರಾಗುವುದು ಅದು. ಹೊಸದಾಗಿ ಬಂದವರಿಗೆ ನಾನು ಕೊಡುವ ಮೊದಲ ಕೆಲಸ ಶಿಲೆಯ ಗುಣಮಟ್ಟದ ಸೂಚ್ಯಂಕವನ್ನು ಲೆಕ್ಕ ಹಾಕುವುದು. ಒಂದು ಬಾರಿಗೆ ಕೊರೆದ ಉದ್ದದಲ್ಲಿ 10 ಸೆಂಟಿಮೀಟರಿಗಿಂತ ಉದ್ದವಿರುವ ಗಟ್ಟಿ ತುಂಡುಗಳನ್ನು ಮಾತ್ರ ಕೂಡಿ, ಒಟ್ಟು ಉದ್ದದಿಂದ ಭಾಗಿಸಿ, ಶೇಕಡಾವಾರು ಬರೆಯಬೇಕು. ಒಂದೂವರೆ ಮೀಟರಿನಲ್ಲಿ ಅಂಥ ತುಂಡುಗಳು 1.2 ಮೀಟರ್ ಸಿಕ್ಕರೆ ಶೇಕಡಾ 80. ಶಾಲೆಯ ಮಗುವೂ ಮಾಡುವ ಲೆಕ್ಕ. ಆದರೆ ಒಂದು ಬಿರುಕು ನೆಲದೊಳಗೇ ಇದ್ದದ್ದೋ, ಕೊರೆಯುವಾಗಲೋ ಪೆಟ್ಟಿಗೆಗೆ ಹಾಕುವಾಗಲೋ ಮುರಿದದ್ದೋ ಎಂದು ಹೇಳುವುದೇ ನಿಜವಾದ ಕೆಲಸ. ಮುರಿದ ಮುಖ ತಾಜಾ ಮತ್ತು ಒರಟಾಗಿದ್ದು ಎರಡು ತುಂಡುಗಳು ಮತ್ತೆ ಗಚ್ಚಾಗಿ ಕೂತರೆ ಅದು ನಮ್ಮ ಕೈಯ ತಪ್ಪು, ಅದನ್ನು ಬಿರುಕೆಂದು ಎಣಿಸುವ ಹಾಗಿಲ್ಲ. ಮುಖದ ಮೇಲೆ ತುಕ್ಕಿನ ಕಲೆಯೋ ಜೇಡಿಯ ಲೇಪವೋ ಇದ್ದರೆ ನೀರು ಓಡಾಡಿದ ಹಳೆಯ ಬಿರುಕು. ಸುರಂಗದ ಚಾವಣಿ ನಿಲ್ಲುವುದೋ ಬೀಳುವುದೋ ಎಂಬುದನ್ನು ಆ ಜೇಡಿಯ ಲೇಪ ತೀರ್ಮಾನಿಸುತ್ತದೆ.

ಇದು ಸಣ್ಣ ವಿಷಯವೆಂದುಕೊಳ್ಳುವವರು ಇಟಲಿಯ ವಯೋಂಟ್ ಜಲಾಶಯದ ಬಗ್ಗೆ ಒಮ್ಮೆ ಓದಬೇಕು. 1963ರ ಅಕ್ಟೋಬರ್ 9ರ ರಾತ್ರಿ ಬೆಟ್ಟದ ಪಕ್ಕೆಯೊಂದು, ಸುಮಾರು 27 ಕೋಟಿ ಘನ ಮೀಟರ್ ಬಂಡೆ, ಒಂದೇ ಬಾರಿಗೆ ಜಾರಿ ಜಲಾಶಯಕ್ಕೆ ಬಿತ್ತು. ನೀರು ಅಣೆಕಟ್ಟಿನ ನೆತ್ತಿ ದಾಟಿ ಕೆಳಗಿನ ಊರುಗಳ ಮೇಲೆ ಸುರಿದು ಸುಮಾರು 2000 ಜನ ಸತ್ತರು. ಕಾಂಕ್ರೀಟಿನ ಅಣೆಕಟ್ಟು ಮಾತ್ರ ಇಂದಿಗೂ ನಿಂತಿದೆ. ಸುಣ್ಣಕಲ್ಲಿನ ಸ್ತರಗಳ ನಡುವಿನ ತೆಳುವಾದ ಜೇಡಿ ಪದರಗಳ ಮೇಲೆಯೇ ಆ ಬೆಟ್ಟ ಜಾರಿದ್ದು.

ಎರಡನೇ ಸೆಮಿಸ್ಟರ್:
ಕೆಲಸದ ಮಾತು ಬಂದಿದ್ದರಿಂದ ಕೇಳುತ್ತೇನೆ. ಈ ಪದವಿಯ ನಂತರ ಉದ್ಯೋಗದ ಸ್ಥಿತಿ ನಿಜಕ್ಕೂ ಹೇಗಿದೆ? ನಮ್ಮ ಪ್ರಾಧ್ಯಾಪಕರು ಬೇಡಿಕೆ ಸದಾ ಇದೆ ಎನ್ನುತ್ತಾರೆ, ಹಿರಿಯ ವಿದ್ಯಾರ್ಥಿಗಳು ಬೇರೆಯೇ ಹೇಳುತ್ತಾರೆ.

ಗಣಿಯೊಳಗಿನಿಂದ:
ಇಬ್ಬರೂ ಸುಳ್ಳು ಹೇಳುತ್ತಿಲ್ಲ, ಬೇರೆ ಬೇರೆ ವರ್ಷಗಳ ಬಗ್ಗೆ ಹೇಳುತ್ತಿದ್ದಾರೆ ಅಷ್ಟೆ. ಲೋಹ ಮತ್ತು ತೈಲದ ಬೆಲೆ ಏರಿದಾಗ ಪದವಿ ಮುಗಿಯುವ ಮುಂಚೆಯೇ ಕರೆಯುತ್ತಾರೆ, ಇಳಿದಾಗ ಮೊದಲು ಕೈಬಿಡುವುದು ಅನ್ವೇಷಣಾ ವಿಭಾಗವನ್ನೇ. 2014ರ ಮಧ್ಯದಲ್ಲಿ ಕಚ್ಚಾ ತೈಲ ಬ್ಯಾರೆಲಿಗೆ 100 ಡಾಲರ್ ಮೀರಿತ್ತು. 2016ರ ಜನವರಿಯಲ್ಲಿ ಅದು 30 ಡಾಲರಿಗಿಂತ ಕೆಳಗೆ ಬಿದ್ದಿತ್ತು. ಎರಡು ವರ್ಷದ ಕೋರ್ಸಿಗೆ ಹಬ್ಬದ ವಾತಾವರಣದಲ್ಲಿ ಸೇರಿದವರು ಹೊರಬಂದದ್ದು ಬರಗಾಲಕ್ಕೆ. ಆದ್ದರಿಂದ ಸೇರುವ ವರ್ಷದ ಬೇಡಿಕೆಯನ್ನು ನೋಡಿ ವಿಶೇಷ ವಿಷಯವನ್ನು ಆಯ್ದುಕೊಳ್ಳಬೇಡಿ ಎಂದಷ್ಟೇ ಹೇಳಬಲ್ಲೆ.

ಅಂತರ್ಜಲ:
ನೀರು, ಭೂಕುಸಿತ, ಕಟ್ಟಡಗಳ ತಳಪಾಯ, ಕಲುಷಿತ ನೆಲದ ಶುದ್ಧೀಕರಣ ಇವುಗಳಲ್ಲಿ ಅಂಥ ಏರಿಳಿತ ಕಡಿಮೆ. ಹಬ್ಬವೂ ಕಡಿಮೆ, ಬರಗಾಲವೂ ಕಡಿಮೆ.

ಹಾದಿಹೋಕ:
ಇಲ್ಲಿ ಯಾರೂ ಹೇಳದ ಒಂದು ಮಾತು. ಈಗ ಪ್ರಯೋಗಾಲಯಕ್ಕೆ ಕಲ್ಲು ಕಳಿಸಿದರೆ ಕಾರ್ಬನ್ ಪರೀಕ್ಷೆ ಮಾಡಿ ಅದರ ವಯಸ್ಸನ್ನು ನಿಖರವಾಗಿ ಹೇಳಿಬಿಡುತ್ತಾರಲ್ಲ, ಮತ್ತೆ ಸ್ತರಗಳನ್ನೆಲ್ಲ ಎಣಿಸಿಕೊಂಡು ಕೂರುವುದು ಏಕೆ?

ತೆಳುಛೇದ:
ಕಾರ್ಬನ್-14ರ ಅರ್ಧಾಯು, ಅಂದರೆ ಇದ್ದದ್ದರಲ್ಲಿ ಅರ್ಧ ಕ್ಷಯಿಸಲು ಹಿಡಿಯುವ ಕಾಲ, 5730 ವರ್ಷ. ಸುಮಾರು 50,000 ವರ್ಷ ದಾಟಿದರೆ ಅಳೆಯುವಷ್ಟು ಉಳಿದಿರುವುದಿಲ್ಲ, ಅದೂ ಒಂದು ಕಾಲದಲ್ಲಿ ಜೀವವಿದ್ದ ವಸ್ತುವಿಗೆ. ಗ್ರಾನೈಟಿಗೆ ಕಾರ್ಬನ್ ಪರೀಕ್ಷೆ ಮಾಡಿಸುವುದೆಂದರೆ ಬೆಟ್ಟದ ಎತ್ತರವನ್ನು ಗೇಣಿನಿಂದ ಅಳೆಯಲು ಹೊರಟಂತೆ. ಹಳೆಯ ಶಿಲೆಗಳಿಗೆ ಜಿರ್ಕಾನ್ ಎಂಬ ಖನಿಜದೊಳಗಿನ ಯುರೇನಿಯಂ ಮತ್ತು ಅದು ಕ್ಷಯಿಸಿ ಆಗುವ ಸೀಸದ ಪ್ರಮಾಣವನ್ನು ಅಳೆಯುತ್ತಾರೆ. ಯುರೇನಿಯಂ-238ರ ಅರ್ಧಾಯು 447 ಕೋಟಿ ವರ್ಷ, ಯುರೇನಿಯಂ-235ರದ್ದು 70.4 ಕೋಟಿ ವರ್ಷ. ಒಂದೇ ಹರಳಿನಲ್ಲಿ ಎರಡು ಗಡಿಯಾರಗಳಿರುವುದರಿಂದ ಒಂದು ಕೆಟ್ಟರೆ ಇನ್ನೊಂದು ಚಾಡಿ ಹೇಳುತ್ತದೆ.

ಆದರೆ ಇಲ್ಲಿಯೂ ಸುತ್ತಿಗೆ ಅವರ ತುಂಡುಗೆರೆ ಬರುತ್ತದೆ. ಆಸ್ಟ್ರೇಲಿಯಾದ ಜ್ಯಾಕ್ ಹಿಲ್ಸ್‌ನಲ್ಲಿ ಸಿಕ್ಕ ಜಿರ್ಕಾನ್ ಹರಳುಗಳಲ್ಲಿ ಕೆಲವಕ್ಕೆ ಸುಮಾರು 440 ಕೋಟಿ ವರ್ಷ ವಯಸ್ಸಿದೆ, ಆದರೆ ಅವು ಕುಳಿತಿರುವ ಶಿಲೆ ಅದಕ್ಕಿಂತ ಬಹಳ ಕಿರಿಯದು. ಎಲ್ಲಿಂದಲೋ ಸವೆದು ಬಂದು ಅಲ್ಲಿ ಸೇರಿಕೊಂಡ ಹರಳುಗಳು ಅವು. ಯಂತ್ರ ಕೊಡುವುದು ಹರಳಿನ ವಯಸ್ಸನ್ನು. ಶಿಲೆಯ ವಯಸ್ಸು ಅದೇ ಹೌದೋ ಅಲ್ಲವೋ ಎಂದು ಹೇಳಬೇಕಾದವರು ಆ ಕಲ್ಲಿನ ಮಾದರಿ ತೆಗೆದವರು.

ಹಾದಿಹೋಕ:
ತಿಳಿಯಿತು. ಗೇಣಿನ ಉದಾಹರಣೆ ಸ್ವಲ್ಪ ಖಾರವಾಗಿತ್ತು.

ತೆಳುಛೇದ:
ಕ್ಷಮಿಸಿ, ವರ್ಷಕ್ಕೆ ಮೂವತ್ತು ಸಲ ಇದೇ ಪ್ರಶ್ನೆ ಕೇಳಿಸಿಕೊಂಡು ನಾಲಿಗೆ ಹಾಗಾಗಿದೆ.

ಪದಪ್ರಿಯ:
ಚರ್ಚೆಯ ನಡುವೆ ತಲೆಹಾಕುತ್ತಿದ್ದೇನೆ. ಎಲ್ಲರೂ ‘ಭೂವಿಜ್ಞಾನ’ ಎನ್ನುತ್ತಿದ್ದೀರಿ, ನಾವು ಓದುವಾಗ ಅದು ‘ಭೂಗರ್ಭಶಾಸ್ತ್ರ’ವಾಗಿತ್ತು. ಗರ್ಭ ಎಂದರೆ ಒಳಗಿರುವುದು ಮಾತ್ರವೆಂಬ ಅರ್ಥ ಬರುತ್ತದೆ, ಆದರೆ ನದಿಯೂ ಹಿಮನದಿಯೂ ಮರಳ ದಿಣ್ಣೆಯೂ ಮೇಲೆಯೇ ಇವೆ. ಆ ದೃಷ್ಟಿಯಿಂದ ಹೊಸ ಪದವೇ ಮೇಲು. ಆದರೂ ಹಳೆಯದರಲ್ಲಿ ಒಂದು ಗಾಂಭೀರ್ಯವಿತ್ತು.

ಎರಡನೇ ಸೆಮಿಸ್ಟರ್:
ನೀವು ಯಾವ ಪದ ಬಳಸಿದರೂ ಕೇಳಿದವರು ಅದನ್ನು ಭೂಗೋಳ ಎಂದೇ ತಿಳಿದುಕೊಳ್ಳುತ್ತಾರೆ.

ನಿರ್ವಾಹಕರು:
ಪದಗಳ ಚರ್ಚೆಗೆ ಪ್ರತ್ಯೇಕ ಎಳೆಯೊಂದನ್ನು ತೆರೆಯಬಹುದು. ಇಲ್ಲಿ ಮೂಲ ಪ್ರಶ್ನೆಗೆ ಮರಳೋಣ.

ಕಂಪನರೇಖೆ:
ಮೂಲ ಪ್ರಶ್ನೆಗೆ ಮರಳುತ್ತಾ, ಹೊಸಬ ಅವರಿಗೆ ಒಂದು ಎಚ್ಚರಿಕೆ. ಗಣಿತ ಚೆನ್ನಾಗಿ ಬರುತ್ತದೆ ಎಂದು ಇಲ್ಲಿಗೆ ಬರುವವರು ಮಾಡುವ ಮೊದಲ ತಪ್ಪು ಯಾವುದೆಂದು ಹೇಳುತ್ತೇನೆ. ಸ್ತರವೊಂದರ ದಿಕ್ಕನ್ನು ಎರಡು ಕಡೆ ಅಳೆದಾಗ ಒಂದು ಕಡೆ 350 ಡಿಗ್ರಿ, ಇನ್ನೊಂದು ಕಡೆ 10 ಡಿಗ್ರಿ ಬಂದಿತೆನ್ನಿ. ಎರಡೂ ಉತ್ತರಕ್ಕೆ ಹತ್ತಿರ. ಎರಡನ್ನು ಕೂಡಿ ಎರಡರಿಂದ ಭಾಗಿಸಿದರೆ 180 ಬರುತ್ತದೆ, ಅಂದರೆ ನೇರ ದಕ್ಷಿಣ. ನನ್ನ ಮೊದಲ ಪ್ರೋಗ್ರಾಂ ಇದನ್ನೇ ಮಾಡಿತ್ತು ಮತ್ತು ಇಳಿಜಾರು ಎಲ್ಲಿಗೆ ಮುಖ ಮಾಡಿದೆ ಎಂಬ ಇಡೀ ಪಟವನ್ನೇ ತಿರುಗಿಸಿ ಕೊಟ್ಟಿತ್ತು. ಪರದೆಯ ಮೇಲೆ ಬಹಳ ಅಂದವಾಗಿ ಕಾಣುತ್ತಿದ್ದುದರಿಂದ ಮೂರು ವಾರ ಯಾರಿಗೂ ಅನುಮಾನ ಬರಲಿಲ್ಲ. ಆ ಜಾಗದಲ್ಲಿ ಓಡಾಡಿದ್ದ ಸಹಪಾಠಿಯೊಬ್ಬಳು ಪಟವನ್ನು ನೋಡಿದ ತಕ್ಷಣ ‘ಈ ಬೆಟ್ಟ ಹಿಂದುಮುಂದಾಗಿದೆ’ ಎಂದಳು.

ಸುತ್ತಿಗೆ:
ಹಾಗಾದರೆ ನೀವು ನನ್ನ ಪಕ್ಷಕ್ಕೆ ಬಂದಿರಿ ಎಂದಾಯಿತು.

ಕಂಪನರೇಖೆ:
ಅರ್ಧ ದಾರಿ ಮಾತ್ರ. ನಿಮ್ಮ ಪಕ್ಷದವರೂ ತಪ್ಪು ಅಳೆಯುತ್ತೀರಿ ಎಂಬುದನ್ನು ಯಾರಾದರೂ ಹೇಳಲಿ ಎಂದು ಕಾಯುತ್ತಿದ್ದೇನೆ.

ಸುತ್ತಿಗೆ:
ನಾನೇ ಹೇಳುತ್ತೇನೆ. ಮೊದಲ ವರ್ಷದ ಕ್ಷೇತ್ರಕಾರ್ಯದಲ್ಲಿ ಒಂದು ಇಡೀ ದಿನ ದಿಕ್ಸೂಚಿಯನ್ನು ಬಂಡೆಯ ಮೇಲಿಟ್ಟು, ಕಬ್ಬಿಣದ ಸುತ್ತಿಗೆಯನ್ನು ಅದರ ಪಕ್ಕದಲ್ಲಿಯೇ ಒರಗಿಸಿ, ನಲವತ್ತು ಸ್ಟ್ರೈಕ್ (ಸ್ತರ ಚಾಚಿರುವ ದಿಕ್ಕು) ಮತ್ತು ಡಿಪ್ (ಸ್ತರ ಇಳಿಯುವ ಕೋನ) ಅಳತೆಗಳನ್ನು ಬಹಳ ಶ್ರದ್ಧೆಯಿಂದ ಬರೆದುಕೊಂಡಿದ್ದೆ. ಸಂಜೆ ನಕ್ಷೆಗೆ ಇಳಿಸಿದಾಗ ಎಲ್ಲಿಯೂ ಇಲ್ಲದ ಒಂದು ಮಡಿಕೆ, ಅಂದರೆ ಸ್ತರಗಳ ಬಾಗು, ಹುಟ್ಟಿಕೊಂಡಿತ್ತು. ಡಿಪ್ ಕೋನಗಳು ಸರಿಯಾಗಿದ್ದವು, ಏಕೆಂದರೆ ಅದಕ್ಕೆ ಸೂಜಿ ಬೇಕಿಲ್ಲ. ದಿಕ್ಕುಗಳೆಲ್ಲ ಸುತ್ತಿಗೆಯ ಕಡೆಗೆ ವಾಲಿದ್ದವು. ಮಾರನೆಯ ದಿನ ಅಷ್ಟೂ ಜಾಗಗಳಿಗೆ ಮತ್ತೆ ನಡೆದೆ. ಈ ಹೆಸರು ಇಟ್ಟುಕೊಂಡಿರುವುದೂ ಅದರ ನೆನಪಿಗೇ.

ಮೊಣಕಾಲು:
ಇಷ್ಟು ದಿನ ಈ ಹೆಸರನ್ನು ಜಂಬದ್ದೆಂದು ತಿಳಿದಿದ್ದೆ.

ತೆಳುಛೇದ:
ಹೊಸಬ ಅವರೇ, ಕೋರ್ಸಿನ ಹೆಸರಿಗಿಂತ ಮುಖ್ಯವಾದ ಕೆಲವನ್ನು ಅಲ್ಲಿಯ ಹಿರಿಯ ವಿದ್ಯಾರ್ಥಿಗಳಿಂದ ಕೇಳಿ ತಿಳಿದುಕೊಳ್ಳಿ. ಪ್ರಬಂಧದ ಮಾರ್ಗದರ್ಶಕರು ಒಂದು ಬಾರಿಗೆ ಎಷ್ಟು ಜನರನ್ನು ನೋಡಿಕೊಳ್ಳುತ್ತಾರೆ, ಮಾದರಿಗಳನ್ನು ಪ್ರಯೋಗಾಲಯಕ್ಕೆ ಕಳಿಸಿದರೆ ಫಲಿತಾಂಶಕ್ಕೆ ಎಷ್ಟು ತಿಂಗಳು ಕಾಯಬೇಕು, ಸೂಕ್ಷ್ಮದರ್ಶಕ ತರಗತಿಯ ಹೊತ್ತಿನ ಹೊರಗೂ ಸಿಗುತ್ತದೆಯೇ ಎಂಬುದನ್ನೆಲ್ಲ ಕೈಪಿಡಿಯಲ್ಲಿ ಬರೆದಿರುವುದಿಲ್ಲ. ನನ್ನ ಸಹಪಾಠಿಯೊಬ್ಬನ ಮಾದರಿಗಳು ಯಂತ್ರ ಕೆಟ್ಟು ಏಳು ತಿಂಗಳು ಸಾಲಿನಲ್ಲಿದ್ದವು. ಅವನು ಕೊನೆಗೆ ಆ ಅಧ್ಯಾಯವನ್ನೇ ಕೈಬಿಟ್ಟು ಪ್ರಬಂಧ ಮುಗಿಸಿದ. ಒಂದು ವರ್ಷದ ಕೋರ್ಸಿನಲ್ಲಿ ಹೀಗಾದರೆ ಕೈಬಿಡುವುದಕ್ಕೆ ಅಧ್ಯಾಯವೂ ಇರುವುದಿಲ್ಲ.

ಅಂತರ್ಜಲ:
ಇನ್ನೊಂದು ವಿಷಯ ಸೇರಿಸುತ್ತೇನೆ. ಪ್ರಬಂಧದ ಪ್ರಶ್ನೆಯನ್ನು ಸಣ್ಣದಾಗಿ ಇಟ್ಟುಕೊಳ್ಳಿ. ‘ಈ ಜಲಾನಯನದ ಅಂತರ್ಜಲ’ ಎಂಬುದು ಪ್ರಶ್ನೆಯಲ್ಲ. ‘ಈ ಎರಡು ಬಾವಿಗಳ ನಡುವೆ ನೀರಿನ ಉಪ್ಪು ಏಕೆ ಏರುತ್ತದೆ’ ಎಂಬುದು ಪ್ರಶ್ನೆ.

ಹೊಸಬ:
ಮೂರು ದಿನ ಬಿಟ್ಟು ಬರೆಯುತ್ತಿದ್ದೇನೆ. ಎರಡು ವರ್ಷದ ಕೋರ್ಸಿಗೆ ಒಪ್ಪಿಗೆ ಕಳಿಸಿದೆ. ನನ್ನನ್ನು ಒಪ್ಪಿಸಿದ್ದು ಮರದ ಕೆಳಗೆ ನಿಂತು ಎಳೆದ ಆ ಗೆರೆ. ಅಂಥ ಗೆರೆಯನ್ನು ನಂಬಿ ನಾನೂ ಒಂದು ಮಾದರಿ ಕಟ್ಟುತ್ತಿದ್ದೆ, ಅದರಲ್ಲಿ ಸಂದೇಹವೇ ಇಲ್ಲ. ಕಂಪನರೇಖೆ ಅವರೇ, ಪ್ರಬಂಧಕ್ಕೆ ಭೂಭೌತಶಾಸ್ತ್ರದ ವಿಷಯವನ್ನೇ ತೆಗೆದುಕೊಳ್ಳಲು ಅಲ್ಲಿ ಅವಕಾಶವಿದೆಯಂತೆ, ಆದ್ದರಿಂದ ನಿಮ್ಮ ಮಾತನ್ನೂ ಪೂರ್ತಿ ಬಿಟ್ಟಿಲ್ಲ.

ನಿನ್ನೆ ರಸ್ತೆಗಾಗಿ ಕಡಿದ ಒಂದು ದಿಬ್ಬದ ಮುಂದೆ ಹೋಗಿ ಒಂದು ಗಂಟೆ ನಿಂತಿದ್ದೆ. ಬಂಡೆಯಲ್ಲಿ ಸಮಾನಾಂತರವಾಗಿ ಇಳಿಯುವ ಏಳೆಂಟು ಗೆರೆಗಳಿದ್ದವು, ಅವುಗಳನ್ನು ಪುಸ್ತಕದಲ್ಲಿ ಬರೆದುಕೊಂಡೆ. ಮನೆಗೆ ಬಂದ ಮೇಲೆ ಅವು ಸ್ತರಗಳೋ, ಬರೀ ಬಿರುಕುಗಳೋ ಎಂಬ ಅನುಮಾನ ಶುರುವಾಯಿತು. ಹೇಗೆ ತಿಳಿಯುವುದು?

ಸುತ್ತಿಗೆ:
ಗೆರೆಯ ಮೇಲೆ ಮತ್ತು ಕೆಳಗೆ ಕಣಗಳ ಗಾತ್ರವನ್ನೋ ಬಣ್ಣವನ್ನೋ ನೋಡಿ. ಗೆರೆ ದಾಟಿದಾಗ ಒರಟು ಕಣ ನಯವಾದರೆ, ಅಥವಾ ಬಣ್ಣ ಬದಲಾದರೆ ಅದು ಬಹುಶಃ ಸ್ತರ. ಎರಡೂ ಕಡೆ ಒಂದೇ ಕಲ್ಲಿದ್ದು, ಒಳಗಿನ ಪಟ್ಟೆಗಳನ್ನು ಗೆರೆ ಅಡ್ಡವಾಗಿ ಕತ್ತರಿಸಿಕೊಂಡು ಹೋಗಿದ್ದರೆ ಬಿರುಕು. ಒಳಗೆ ಪಟ್ಟೆಗಳಿವೆಯೇ?

ಹೊಸಬ:
ನಾನು ಗೆರೆಗಳನ್ನು ಮಾತ್ರ ನೋಡಿದೆ, ಅವುಗಳ ನಡುವೆ ಏನಿದೆ ಎಂದು ನೋಡಲೇ ಇಲ್ಲ. ನಾಳೆ ಬೆಳಿಗ್ಗೆ ಮತ್ತೆ ಹೋಗುತ್ತೇನೆ.

ಸುತ್ತಿಗೆ:
ಭೂತಗನ್ನಡಿ ತೆಗೆದುಕೊಂಡು ಹೋಗಿ. ಬಂಡೆಯ ಮೇಲೆ ಸ್ವಲ್ಪ ನೀರು ಚಿಮುಕಿಸಿದರೆ ಪಟ್ಟೆ ಚೆನ್ನಾಗಿ ಕಾಣುತ್ತದೆ.